ಅಜ್ಜಾರ ಹಣೆಯ ಮೂರು ಗೆರೆ

ತಾನು ಹುಟ್ಟಿದಾಗಿನಿಂದ ಮಾಡಿದ ಅತ್ಯಂತ ಹೊಲಸು ಕೆಲಸಕ್ಕೆ ಜನ ದಿನವೂ ಬಂದು ಕರ್ಪೂರ ಬೆಳಗಿ ಹೋಗುವುದನ್ನು ಫಕೀರೇಶ ಶ್ರಾವಣದಿಂದ ನೋಡುತ್ತ ಬಂದಿದ್ದ. ಒಳ್ಳೆಯ ಕೆಲಸವನ್ನೂ ಅವನು ಬೇಕಾದಷ್ಟು ಮಾಡಿದ್ದ, ಆದರೆ ಅದನ್ನು ಯಾರೂ ನೋಡಿರಲಿಲ್ಲ. ನೋಡಲು ಬರುವಂಥದ್ದೂ ಅಲ್ಲ ಅದು. ಗಾಜಿನ ಮೇಲಿನ ಗೀರು ತೆಗೆಯುವವನ ಪಾಡೇ ಅಷ್ಟು. ಕೆಲಸ ಛಲೋ ಆಯಿತೆಂದರೆ ಅಲ್ಲಿ ಏನೂ ಕಾಣಬಾರದು. ಏನೂ ಕಾಣದ್ದಕ್ಕೆ ಯಾರು ಕೈ ಮುಗಿಯುತ್ತಾರೆ?

ಹುಬ್ಬಳ್ಳಿಯ ಹಳೇ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅವನ ಅಂಗಡಿ. ‘ಗಾಜಿನ ಗೀರು ಗುರುತಿಲ್ಲದಂತೆ ತೆಗೆಯಲಾಗುವುದು’ ಎಂಬ ಬೋರ್ಡನ್ನು ತಾನೇ ಪಕ್ಕದಲ್ಲಿ ನಿಂತು ಬರೆಸಿದ್ದ. ಟೆಂಪೋದ ಮುಂದಿನ ಗಾಜು, ಸೀರೆ ಅಂಗಡಿಯ ಶೋಕೇಸು, ಡಾಕ್ಟರ ಮೇಜಿನ ಗಾಜು, ಏನೇ ಬರಲಿ, ಗುಲಾಬಿ ಬಣ್ಣದ ಒಂದು ಪುಡಿಯನ್ನು ನೀರಲ್ಲಿ ಕಲಸಿ, ಉಣ್ಣೆಯ ದಪ್ಪ ನಮ್ದಾದ ತುಂಡಿಗೆ ಹಚ್ಚಿ ತಿಕ್ಕುತ್ತ ಕೂತನೆಂದರೆ ಸಂಜೆಗೆ ಗೀರು ಎಲ್ಲಿತ್ತೆಂದು ಗಾಜಿನ ಮಾಲಕನೂ ತೋರಿಸಲಾರ. ವಿದ್ಯೆ ಕಲಿಸಿದವನು ಉಸ್ತಾದ ಗುಲಾಬಸಾಬ. ಅವನ ಮೊದಲನೇ ಪಾಠವನ್ನು ಫಕೀರೇಶ ಇನ್ನೂ ಮರೆತಿರಲಿಲ್ಲ.

“ಗಾಜ್ ನೋಡಬೇಕಾದ್ರ ಅದರಾಗ ನಿನ್ನ ಮಾರಿ ನೋಡಬ್ಯಾಡ. ಮಾರಿ ನೋಡಿದಾಂವಗ ಗೀರು ಕಾಣಂಗಿಲ್ಲ.”

ಗಾಜಿನಲ್ಲಿ ಮುಖ ನೋಡದ ಆ ಅಭ್ಯಾಸ ಅವನಿಗೆ ಎಷ್ಟು ಮೈಗೂಡಿತ್ತೆಂದರೆ, ಗಡ್ಡ ಹೆರೆದುಕೊಳ್ಳುವಾಗಲೂ ಕನ್ನಡಿಯ ಹೊಳಪನ್ನೇ ಪರೀಕ್ಷೆ ಮಾಡುತ್ತ ಗಲ್ಲ ಕೊಯ್ದುಕೊಳ್ಳುತ್ತಿದ್ದ. ಅವನ ಹೆಂಡತಿ ದ್ರಾಕ್ಷಾಯಿಣಿ ಅದಕ್ಕೆಂದೇ ಮನೆಯಲ್ಲಿ ಹತ್ತಿ ಇಟ್ಟಿರುತ್ತಿದ್ದಳು.

ಹೊಲಸು ಕೆಲಸ ನಡೆದದ್ದು ಪಕ್ಕದ ಖಾನಾವಳಿಯಲ್ಲಿ. ಖಾನಾವಳಿ ಬಸಣ್ಣನದು. ರೊಟ್ಟಿ ಬಡಿಯುವುದು, ಗಿರಾಕಿಗಳನ್ನು ಬೈಯುವುದು, ಬೈದು ಮತ್ತೊಂದು ರೊಟ್ಟಿ ಹಾಕುವುದು ಅವನ ತಾಯಿ ಈರವ್ವನ ಪಾಲಿನದು. ಅವರ ಮನೆತನದ ಗುರುಗಳು, ಲಿಂಗೈಕ್ಯರಾಗಿ ಎಷ್ಟೋ ಕಾಲವಾದ ಅಜ್ಜಾರ ಭಾವಚಿತ್ರ ಗಲ್ಲಾದ ಮೇಲಿನ ಗೋಡೆಗೆ ತೂಗುತ್ತಿತ್ತು. ಮಠದ ಸ್ವಾಮಿಗಳನ್ನು ಈ ಕಡೆ ಅಜ್ಜಾರು ಎಂದೇ ಕರೆಯುತ್ತಾರೆ. ಅಡುಗೆಯ ಹೊಗೆಗೆ ಚಿತ್ರ ಮಾಸಿ ಅಜ್ಜಾರ ಹಣೆಯ ವಿಭೂತಿ ಕಾಣದಂತಾಗಿತ್ತು. ಶ್ರಾವಣದ ಮೊದಲ ಸೋಮವಾರ, ಸರಿಯಾಗಿ ಊಟದ ಗದ್ದಲದ ಹೊತ್ತಿಗೆ, ಚಿತ್ರಕ್ಕೆ ಹೊಸ ಗಾಜು ಕೂಡ್ರಿಸೆಂದು ಬಸಣ್ಣ ಫಕೀರೇಶನನ್ನು ಎಳೆದುಕೊಂಡು ಹೋದ. ಫಕೀರೇಶ ಕೂಡ್ರಿಸಿದ. ಅಲ್ಲೇ ಬಿದ್ದಿದ್ದ ಅರಿವೆಯನ್ನು ಮೂರು ಬೆರಳಿನಿಂದ ಒತ್ತಿ ಹಿಡಿದು ಗಾಜು ಒರೆಸಿದ. ಅರಿವೆಯಲ್ಲಿ ಪಾತ್ರೆ ತಿಕ್ಕುವ ಮರಳಿತ್ತು. ಚರ್ ಅಂದಿತು. ಅಡ್ಡಕ್ಕೆ ಮೂರು ಗೀರು ಬಿದ್ದವು. ಮಾಲೆ ಹಾಕಿದ ಮೇಲೆ ಯಾರು ನೋಡುತ್ತಾರೆ ಎಂದುಕೊಂಡು ಚಿತ್ರವನ್ನು ಮೊಳೆಗೆ ಹಾಕಿ ಬಂದುಬಿಟ್ಟ.

ನೋಡಿದವಳು ಈರವ್ವ. ಹೊತ್ತು ಇಳಿದು ಬಾಗಿಲಿನ ಬಿಸಿಲು ಗಲ್ಲಾದ ಕಡೆ ಹೊರಳಿದಾಗ ಅಜ್ಜಾರ ಹಣೆಯ ನಟ್ಟನಡುವೆ ಮೂರು ಗೆರೆ ಬೆಳ್ಳಗೆ ಹೊಳೆದವು.

“ಎಲ್ಲಾರೂ ಬರ್ರೋ! ಅಜ್ಜಾರು ತಾವ ವಿಭೂತಿ ಹಚ್ಚಿಕೊಂಡಾರ!”

ಅವಳು ಕೂಗಿದ್ದು ಬಸ್ ಸ್ಟ್ಯಾಂಡಿನ ತನಕ ಕೇಳಿಸಿತು. ಗಣಪತಿ ಹಾಲು ಕುಡಿದ ಮರುವರ್ಷ ಅದು. ಇಂಥದ್ದನ್ನು ನಂಬಿ ಜನಕ್ಕೆ ರೂಢಿಯಾಗಿತ್ತು. ಧಾರವಾಡದಿಂದ, ಗರಗದಿಂದ, ಸುಳ್ಳದಿಂದ ಮಂದಿ ಬಂದು ಸಾಲು ಹಚ್ಚಿದರು. ಬಂದವರು ಹೇಗೂ ಬಂದೇವೆಂದು ಊಟವನ್ನೂ ಮಾಡಿದರು.

ಅಷ್ಟಕ್ಕೇ ನಿಂತಿದ್ದರೆ ಫಕೀರೇಶ ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದ. ಆದರೆ ಊರಿನವರು ತಂತಮ್ಮ ಗಾಜುಗಳನ್ನು ನೋಡಿಕೊಳ್ಳತೊಡಗಿದರು. ಸೀರೆ ಅಂಗಡಿಯವನಿಗೆ ಶೋಕೇಸಿನ ಮೂಲೆಯ ಗೀರಿನಲ್ಲಿ ತ್ರಿಶೂಲ ಕಂಡಿತು, ಅದಕ್ಕೆ ಕುಂಕುಮ ಬಿತ್ತು. ಡಾಕ್ಟರು ಓದಿದವರು, ದೇವರು ಗೀವರು ಅನ್ನಲಿಲ್ಲ. “ಇರ್ಲಿ ಬಿಡ್ರಿ, ಸುಮ್ನ ಯಾಕ” ಎಂದರು. ಟೆಂಪೋದ ಗಾಜಿನ ಮೇಲೆ ವೈಪರು ಕೊರೆಯುವ ಅರ್ಧಚಂದ್ರವೇ ಫಕೀರೇಶನ ಮುಖ್ಯ ಅನ್ನ. ಅದೀಗ ಶಿವನ ತಲೆಯ ಮೇಲಿನ ಚಂದ್ರನಾಗಿ ಕೂತುಬಿಟ್ಟಿತು. ಟೆಂಪೋದ ಕಮರುದ್ದೀನನಾದರೂ ಬಂದಾನೆಂದು ಕಾದರೆ ಅವನೂ ದೂರದಿಂದಲೇ ಕೈಯಾಡಿಸಿದ.

“ಬ್ಯಾಡ್ರಿ ಫಕೀರೇಶಣ್ಣಾ. ನಮ್ಮ ಮನ್ಯಾಗ ಅದನ್ನ ಈದ್ ಚಾಂದ್ ಅನ್ನಾಕತ್ತಾರ. ಇರ್ಲಿ.”

ಊರಿನ ಎಲ್ಲ ಧರ್ಮಗಳೂ ಒಂದಾಗಿ ತನ್ನೊಬ್ಬನ ಹೊಟ್ಟೆಯ ಮೇಲೆ ಹೊಡೆದವೆಂದು ಫಕೀರೇಶನಿಗೆ ಅನಿಸಿತು. ಗೀರು ಬರೀ ಗೀರಾಗಿ ಉಳಿಯದ ಊರಿನಲ್ಲಿ ಅವನಿಗೆ ಕೆಲಸವಿರಲಿಲ್ಲ, ಬೇರೆ ಕೆಲಸ ಅವನಿಗೆ ಬರುತ್ತಲೂ ಇರಲಿಲ್ಲ. ಡಬ್ಬಿಯಲ್ಲಿ ಗುಲಾಬಿ ಪುಡಿ ಗಟ್ಟಿಯಾಗತೊಡಗಿತು. ಕಡೆಗೆ ಬೇಕರಿಯ ಮಾಲತೇಶ ಬಂದು, ದನಿ ತಗ್ಗಿಸಿ, “ನಮ್ಮ ಗಾಜಿಗೂ ಒಂದ್ ಮೂರ್ ಗೆರಿ ಎಳದ ಕೊಡ್ರೆಲಾ, ಯಾರಿಗೂ ಹೇಳಂಗಿಲ್ಲ” ಎಂದಾಗ ಫಕೀರೇಶನಿಗೆ ಅಳು ಬಂತು. ಉಸ್ತಾದನ ಕೈಯಲ್ಲಿ ಪೆಟ್ಟು ತಿಂದು ಕಲಿತ ವಿದ್ಯೆಗೆ ಈ ಗತಿ ಬರಬಾರದಿತ್ತು.

ಅವತ್ತೇ ಖಾನಾವಳಿಗೆ ಹೋಗಿ ಎಲ್ಲರ ಎದುರಿಗೆ ಖರೇ ಮಾತು ಹೇಳಿಬಿಟ್ಟ.

“ಯವ್ವಾ, ಅದು ವಿಭೂತಿ ಅಲ್ಲ. ನಾ ಅರಿವಿ ಎಳದಾಗ ಮರಳ ತಾಗಿ ಬಿದ್ದ ಗೀರು. ಪುಕ್ಕಟ ತಗದ ಕೊಡ್ತೇನಿ.”

ಈರವ್ವ ಅವನನ್ನು ಕರುಣೆಯಿಂದ ನೋಡಿದಳು. “ಹೌದೋ ತಮ್ಮಾ, ಗೀರಿದ ಕೈ ನಿಂದ. ಗೀರಿಸಿದವರು ಅಜ್ಜಾರು.”

ಊಟಕ್ಕೆ ಕೂತವರೆಲ್ಲ ಹೌದು ಹೌದೆಂದು ತಲೆ ಆಡಿಸಿದರು. ಪುಕ್ಕಟೆ ತೆಗೆಯುತ್ತೇನೆಂಬ ಮಾತಿಗೆ ಮಾತ್ರ ಇಬ್ಬರು ಎಲೆ ಬಿಟ್ಟು ಎದ್ದು ತೋಳೇರಿಸಿದರು. ಬಸಣ್ಣ ನಡುವೆ ಬಂದು ಅವನನ್ನು ಪಾರು ಮಾಡಬೇಕಾಯಿತು.

ಖರೇ ಹೇಳಿ ಆಗದ್ದನ್ನು ಕಳ್ಳತನದಿಂದ ಮಾಡಬೇಕೆಂಬ ವಿಚಾರ ಫಕೀರೇಶನಿಗೆ ಬಂದದ್ದು ಆಗ. ವಿಚಾರ ಮಾಡಿದಷ್ಟೂ ಅದರ ಸೊಗಸು ಹೆಚ್ಚುತ್ತ ಹೋಯಿತು. ಕದ್ದರೆ ಸಾಮಾನು ಕಾಣೆಯಾಗುತ್ತದೆ, ಒಡೆದರೆ ಚೂರು ಉಳಿಯುತ್ತದೆ. ಗೀರು ತೆಗೆದರೆ ಗಾಜು ಮೊದಲಿಗಿಂತ ಛಲೋ ಆಗುತ್ತದೆ. ‘ನಮ್ಮ ಗಾಜು ಸ್ವಚ್ಛ ಆಗೇತಿ’ ಎಂದು ಯಾವ ಪೊಲೀಸ ಠಾಣೆಗೆ ಹೋಗಿ ಫಿರ್ಯಾದಿ ಕೊಡುತ್ತಾರೆ? ಬೇರೆ ಗುನ್ಹೆಗಾರರು ಕೆಲಸ ಮಾಡಿ ಆಮೇಲೆ ಗುರುತು ಅಳಿಸುತ್ತಾರೆ. ಇವನದು ಗುರುತು ಅಳಿಸುವುದೇ ಕೆಲಸ. ಅಜ್ಜಾರು ಬಂದಿದ್ದರು, ಹೋದರು ಎಂದು ಜನ ನಾಲ್ಕು ದಿನ ಅತ್ತು ಸುಮ್ಮನಾಗುತ್ತಾರೆ. ಗೀರು ಮತ್ತೆ ಗೀರಾಗುತ್ತದೆ.

ಒಂದೇ ಒಂದು ತೊಡಕಿತ್ತು. ತೆಗೆಯುತ್ತೇನೆಂದು ನಾಲ್ಕು ಮಂದಿಯ ಎದುರು ಬಾಯಿಬಿಟ್ಟವನ ಮೇಲೆಯೇ ಮೊದಲ ಗುಮಾನಿ ಬರುತ್ತದೆ. ಆದ್ದರಿಂದ ಫಕೀರೇಶ ಭಕ್ತನಾದ. ಒಮ್ಮೆಗೇ ಆಗಲಿಲ್ಲ, ಅಷ್ಟು ದಡ್ಡನಲ್ಲ. ಮೊದಲು ಬಾಗಿಲಲ್ಲಿ ನಿಂತ, ಆಮೇಲೆ ಒಳಗೆ ಬಂದ, ಆಮೇಲೆ ಹೂ ತಂದ. ಗಲ್ಲಾದ ಬಲತುದಿಗೆ ವಿಭೂತಿ ತಟ್ಟೆ ಇರುತ್ತಿತ್ತು. ದಿನಾ ಮುಂಜಾನೆ ಅಜ್ಜಾರ ಎದುರು ಕಣ್ಣು ಮುಚ್ಚಿ ಕೈ ಮುಗಿದು, ಮುಚ್ಚಿದ ಕಣ್ಣಲ್ಲೇ ಬಲಗೈ ಚಾಚಿ ವಿಭೂತಿ ಹಚ್ಚಿಕೊಳ್ಳುವುದನ್ನು ರೂಢಿಸಿಕೊಂಡ. ಕಣ್ಣು ತೆರೆಯದೆ ಹಚ್ಚಿಕೊಂಡರೆ ಭಕ್ತಿ ಹೆಚ್ಚು ಕಾಣುತ್ತದೆಂಬುದು ಅವನ ಲೆಕ್ಕಾಚಾರ. ಮೊದಮೊದಲು ಕೈ ತಡವರಿಸುತ್ತಿತ್ತು. ಭಾದ್ರಪದ ಬರುವಷ್ಟರಲ್ಲಿ ಪಳಗಿತು.

ಈರವ್ವ ಹೊಸದಾಗಿ ಬಂದವರಿಗೆಲ್ಲ ಅವನನ್ನು ತೋರಿಸಿ ಹೇಳುತ್ತಿದ್ದಳು, “ಇಂವ ಮದಲ ಗೀರು ಅಂದಾಂವ. ಈಗ ನೋಡ್ರಿ, ಅಜ್ಜಾರು ಹೆಂಗ ಹಿಡಕೊಂಡಾರ.” ದ್ರಾಕ್ಷಾಯಿಣಿಗಂತೂ ಸಂತೋಷಕ್ಕೆ ಮಿತಿಯಿರಲಿಲ್ಲ. “ಲಗ್ನ ಆದಾಗಿಂದ ಬಡಕೊಂಡೆ, ಒಂದಿನಾ ವಿಭೂತಿ ಹಚ್ಚಲಿಲ್ಲ ನೀವು” ಎಂದು ಕಣ್ಣೊರೆಸಿಕೊಂಡಳು. ಇಷ್ಟು ಛಲೋ ಸೋಗು ಹಾಕಬಲ್ಲೆನೆಂದು ಫಕೀರೇಶನಿಗೇ ಗೊತ್ತಿರಲಿಲ್ಲ.

ಮಹಾನವಮಿ ಅಮಾವಾಸ್ಯೆಯ ದಿನ ಬಸಣ್ಣ ಖಾನಾವಳಿ ಮುಚ್ಚಿ, ತಾಯಿಯನ್ನೂ ಓಣಿಯ ಭಕ್ತರನ್ನೂ ಕಮರುದ್ದೀನನ ಟೆಂಪೋದಲ್ಲಿ ಹಾಕಿಕೊಂಡು ಅಜ್ಜಾರ ಮಠಕ್ಕೆ ಹೊರಟ. ದೀಪ ಹಚ್ಚುವ ಹೊತ್ತಿಗೆ ತಿರುಗಿ ಬರುವ ಮಾತು. ದ್ರಾಕ್ಷಾಯಿಣಿಯೂ ಹೊರಟಳು. ತನಗೆ ಧಾರವಾಡದಲ್ಲಿ ಒಂದು ಶೋಕೇಸಿನ ಕೆಲಸ ಬಂದಿದೆ, ತಪ್ಪಿಸುವಂತಿಲ್ಲ ಎಂದು ಫಕೀರೇಶ ಮುಖ ಸಣ್ಣದು ಮಾಡಿ ಹೇಳಿದ. ಧಾರವಾಡದ ಫೇಡೆಯನ್ನು ಹಿಂದಿನ ದಿನವೇ ಹೋಗಿ ತಂದು ಚೀಲದ ತಳದಲ್ಲಿ ಇಟ್ಟುಕೊಂಡಿದ್ದ. ಧಾರವಾಡಕ್ಕೆ ಹೋಗಿದ್ದೆ ಎಂದು ಬಾಯಿಂದ ಹೇಳಿದರೆ ನಂಬದವರಿದ್ದಾರೆ, ಫೇಡೆ ಕೈಗೆ ಕೊಟ್ಟರೆ ಕೇಳುವವರೇ ಇಲ್ಲ. ಎಲ್ಲರೂ ನೋಡುತ್ತಿರುವಾಗಲೇ ಧಾರವಾಡದ ಬಸ್ ಹತ್ತಿದ. ನವನಗರದಲ್ಲಿ ಇಳಿದು, ಇನ್ನೊಂದು ಬಸ್ಸಿಗೆ ತಿರುಗಿ ಬಂದು, ಸಂದಿಗೊಂದಿಯಿಂದ ಖಾನಾವಳಿಯ ಹಿತ್ತಲಿಗೆ ಬಂದು ನಿಂತ.

ಹಿತ್ತಲ ಬಾಗಿಲಿನ ಗಾಜು ಅವನೇ ಕೂಡ್ರಿಸಿದ್ದು. ಅದರ ಸುತ್ತಿನ ಕಟ್ಟಿಗೆ ಪಟ್ಟಿಯ ಯಾವ ಮೊಳೆ ಗಟ್ಟಿ, ಯಾವುದು ಸಡಿಲು ಎಂಬುದು ಬಾಯಿಪಾಠ. ಗಾಜು ಬಿಚ್ಚಿ, ಕೈ ಹಾಕಿ ಚಿಲಕ ತೆಗೆದು, ಗಾಜನ್ನು ಮತ್ತೆ ಕೂಡ್ರಿಸಿ ಒಳಗೆ ಹೋದ. ಒಳಗೆ ನಿನ್ನೆಯ ಝುಣಕದ ವಾಸನೆ ಇನ್ನೂ ಇತ್ತು. ಮಾಲೆಯ ಹೂ ಯಾವ ಕಡೆ ಬಾಗಿದೆ, ಊದುಬತ್ತಿಯ ಬೂದಿ ಎಲ್ಲಿ ಬಿದ್ದಿದೆ ಎಲ್ಲವನ್ನೂ ಮೊದಲು ಕಣ್ಣಲ್ಲಿ ತುಂಬಿಕೊಂಡ. ಆಮೇಲೆ ಚಿತ್ರ ಇಳಿಸಿ ಗಲ್ಲಾದ ಮೇಲೆ ಮಲಗಿಸಿದ. ಅಂಚಿನಿಂದ ನೀರಿಳಿದು ಅಜ್ಜಾರು ತೊಯ್ಯಬಾರದೆಂದು ಸುತ್ತ ಟೇಪು ಹಚ್ಚಿದ. ವಿಭೂತಿಗೆ ಪುಡಿ ಸಿಡಿದೀತೆಂದು ತಟ್ಟೆಯನ್ನು ಕಿಟಕಿಯಲ್ಲಿ ಇಟ್ಟು, ಅದರ ಜಾಗದಲ್ಲಿ ತನ್ನ ಬಟ್ಟಲು ಇಟ್ಟುಕೊಂಡ. ಇಷ್ಟು ಜಾಗರೂಕತೆಯ ಕಳ್ಳ ಈ ಓಣಿಗೆ ಹಿಂದೆ ಬಂದಿರಲಿಕ್ಕಿಲ್ಲ ಎಂದುಕೊಂಡ.

ತಿಕ್ಕುವ ಮಶೀನು ತಂದರೆ ಸದ್ದಾಗುತ್ತದೆ, ಅದಕ್ಕೆ ಕೈಯಿಂದಲೇ ತಿಕ್ಕಿದ. ಅವಸರ ಮಾಡಿದರೆ ಗಾಜು ಕಾದು ಸೀಳುತ್ತದೆ. ಸ್ವಲ್ಪ ತಿಕ್ಕುವುದು, ಅಂಗೈ ಇಟ್ಟು ಬಿಸಿ ನೋಡುವುದು, ನೀರು ಚಿಮುಕಿಸಿ ಮತ್ತೆ ತಿಕ್ಕುವುದು. ಎಷ್ಟು ಆಳಕ್ಕೆ ಗೀರಿದ್ದೀ ಮೂಳಾ ಎಂದು ತನ್ನನ್ನೇ ಬೈದುಕೊಂಡ. ಮೇಲಿನ ಗೆರೆ ಮೊದಲು ಹೋಯಿತು. ಎರಡೇ ಗೆರೆಯ ಅಜ್ಜಾರನ್ನು ನೋಡಿ ಯಾಕೋ ಪಾಪ ಅನಿಸಿತು, ಲಗೂ ಲಗೂ ಎರಡನೆಯದನ್ನೂ ತೆಗೆದ. ಮೂರನೆಯದು ಹಟಮಾರಿ. ಅದು ಹೋಗುವಷ್ಟರಲ್ಲಿ ಅವನ ಅಂಗಿ ತೊಯ್ದು ಬೆನ್ನಿಗೆ ಅಂಟಿತ್ತು, ಹಣೆಯಿಂದ ಬೆವರು ತೊಟ್ಟಿಕ್ಕುತ್ತಿತ್ತು.

ಟೇಪು ಕಿತ್ತು, ಗಾಜು ಒರೆಸಿ ಬೆಳಕಿಗೆ ಓರೆಯಾಗಿ ಹಿಡಿದು ನೋಡಿದ, ಉಸ್ತಾದ ಕಲಿಸಿದ ಹಾಗೆ. ಏನೂ ಇಲ್ಲ. ಕೂದಲೆಳೆಯಷ್ಟು ಗುರುತಿಲ್ಲ. ಇದು ತನ್ನ ಜೀವಮಾನದ ಕೆಲಸ ಎಂದು ಅವನಿಗೆ ಗೊತ್ತಾಯಿತು, ಇದನ್ನೂ ಯಾರೂ ನೋಡುವುದಿಲ್ಲವೆಂದೂ ಗೊತ್ತಾಯಿತು. ಚಿತ್ರವನ್ನು ಮೊಳೆಗೆ ಹಾಕಿ, ಮಾಲೆಯನ್ನು ಮೊದಲಿನ ಕಡೆಗೇ ಬಾಗಿಸಿ, ಭಕ್ತರು ನಿಲ್ಲುವ ಜಾಗದಲ್ಲಿ ನಿಂತು ಇನ್ನೊಮ್ಮೆ ಪರೀಕ್ಷಿಸಿದ. ಮನಸ್ಸು ತುಂಬಿ ಬಂದು ದಿನದ ಹಾಗೆಯೇ ಕಣ್ಣು ಮುಚ್ಚಿ ಅಜ್ಜಾರಿಗೆ ನಮಸ್ಕಾರ ಮಾಡಿದ. ತಪ್ಪಾಯಿತು ಎಂದೂ ಮನಸ್ಸಿನಲ್ಲೇ ಅಂದ.

ಆಮೇಲೆ ಬಟ್ಟಲು ಎತ್ತಿ, ವಿಭೂತಿ ತಟ್ಟೆಯನ್ನು ಅದರ ಜಾಗಕ್ಕಿಟ್ಟ. ಗಲ್ಲಾ ಒರೆಸಿದ, ನೆಲ ಒರೆಸಿದ. ಒರೆಸಿದ್ದು ಗೊತ್ತಾಗಬಾರದೆಂದು ಚಿಟಿಕೆ ಬೂದಿಯನ್ನು ಮೊದಲಿದ್ದಲ್ಲೇ ಉದುರಿಸಿದ. ಹೊರಗೆ ಬಂದು ಗಾಜಿನ ಸಂದಿಯಿಂದಲೇ ಮತ್ತೆ ಚಿಲಕ ಹಾಕಿ, ಗಾಜು ಕೂಡ್ರಿಸಿ, ಹಿತ್ತಲ ನಲ್ಲಿಯಲ್ಲಿ ಕೈಯನ್ನೂ ಬಟ್ಟಲನ್ನೂ ತೊಳೆದ. ಉಗುರಿನ ಸಂದಿಯ ಪುಡಿಯನ್ನು ಸಹ ಕಡ್ಡಿಯಿಂದ ತೆಗೆದ. ನಮ್ದಾವನ್ನು ಗಟಾರಿಗೆ ಎಸೆದು ಓಣಿಗಳೊಳಗಿಂದ ಹೊಸೂರಿನ ತನಕ ನಡೆದು, ಅಲ್ಲಿ ಧಾರವಾಡದಿಂದ ಬರುವ ಬಸ್ ಹತ್ತಿದ.

ಬಸ್ಸು ಕಿಕ್ಕಿರಿದಿತ್ತು. ಆದರೂ ಒಬ್ಬ ಹೆಣ್ಣುಮಗಳು ಅವನನ್ನು ನೋಡಿ ತಟ್ಟನೆ ಎದ್ದು ಜಾಗ ಬಿಟ್ಟಳು. ಕಂಡಕ್ಟರನು “ಕೂಡ್ರಿ ಅಜ್ಜಾರ, ಕೂಡ್ರಿ” ಎಂದ. ನಲವತ್ತೂ ದಾಟಿಲ್ಲ, ತಲೆಯಲ್ಲಿ ಒಂದು ಬಿಳಿ ಕೂದಲಿಲ್ಲ, ಇವನಿಗೆ ನಾನು ಅಜ್ಜನಂತೆ ಎಂದು ಫಕೀರೇಶನಿಗೆ ಸಿಟ್ಟು ಬಂತು. ದಣಿದವನ ಮುಖ ಹಾಗೆ ಕಾಣುತ್ತದೇನೋ ಎಂದು ಸಮಾಧಾನ ಮಾಡಿಕೊಂಡ. ಉಳಿದ ದಾರಿಯುದ್ದಕ್ಕೂ, ಗೀರು ಹೋದ ಸುದ್ದಿ ಕೇಳಿದಾಗ ತಾನು ಹೇಗೆ ಗಾಬರಿಯಾಗಬೇಕು, ಎಷ್ಟು ಹೊತ್ತಿಗೆ ಅಳಬೇಕು ಎಂದು ಅಭ್ಯಾಸ ಮಾಡುತ್ತ ಬಂದ. ಯಾವಾಗ ಬಂದೆ, ಎಲ್ಲಿದ್ದೆ, ಯಾರ ಶೋಕೇಸು, ಯಾವ ಪ್ರಶ್ನೆ ಬಂದರೂ ಉತ್ತರ ತಯಾರಿತ್ತು.

ಓಣಿಗೆ ಬಂದಾಗ ಟೆಂಪೋ ಆಗಲೇ ನಿಂತಿತ್ತು, ಖಾನಾವಳಿಯ ಒಳಗಿನಿಂದ ಅಳುವ ದನಿ ಕೇಳುತ್ತಿತ್ತು. ಫಕೀರೇಶ ಫೇಡೆಯ ಪೊಟ್ಟಣ ಎದ್ದು ಕಾಣುವ ಹಾಗೆ ಹಿಡಿದು ಒಳಗೆ ಹೋದ. ಬಸಣ್ಣ ನೆಲಕ್ಕೆ ಕೂತು ತಲೆಗೆ ಕೈ ಹಚ್ಚಿಕೊಂಡಿದ್ದ. ಓಣಿಯ ಮಂದಿಯೆಲ್ಲ ಚಿತ್ರದ ಎದುರು ನಿಂತಿದ್ದರು. ಈರವ್ವ ಹಣತೆ ಎತ್ತಿ ಹಿಡಿದು “ಎಲ್ಲಿ ಹೋದ್ಯೋ ನನ್ನಪ್ಪಾ, ಏನ್ ತಪ್ಪ ಮಾಡಿದ್ವೋ” ಎಂದು ಹಾಡಿ ಹಾಡಿ ಅಳುತ್ತಿದ್ದಳು. ಆ ಮುದುಕಿಯ ಅಳು ಕೇಳಿ ಫಕೀರೇಶನಿಗೆ ಎಲ್ಲಾ ಹೇಳಿಬಿಡಬೇಕೆನಿಸಿತು, ಆದರೆ ಹಿಂದೆ ಸರಿಯುವ ಹೊತ್ತಲ್ಲ ಅದು.

“ಏನಾತ್ರಿ? ನಾ ಈಗ ಧಾರವಾಡದಿಂದ ಬರಾಕತ್ತೇನಿ” ಎಂದ.

ಎಲ್ಲರೂ ತಿರುಗಿದರು. ಅಳು ನಿಂತಿತು. ಬಸಣ್ಣ ಗೋಡೆ ಹಿಡಿದು ಎದ್ದ. ದ್ರಾಕ್ಷಾಯಿಣಿ ಸೆರಗು ಬಾಯಿಗೆ ಒತ್ತಿಕೊಂಡಳು. ಈರವ್ವ ಹಣತೆಯನ್ನು ಅವನ ಮುಖದ ಹತ್ತಿರ ತಂದು ಬಹಳ ಹೊತ್ತು ನೋಡಿದಳು. ಆಮೇಲೆ, ದಿನಾ ಅವನನ್ನು ಬೈದು ರೊಟ್ಟಿ ಹಾಕುತ್ತಿದ್ದವಳು, ಹಣತೆ ನೆಲಕ್ಕಿಟ್ಟು ಅವನ ಪಾದಕ್ಕೆ ಹಣೆ ಹಚ್ಚಿದಳು.

“ಗಾಜ್ ಬಿಟ್ಟ ಎಲ್ಲಿ ಹೋದ್ರಂತ ಅಳಾಕತ್ತಿದ್ದೆ. ಇಲ್ಲೇ ಬಂದ್ ಕುಂತಾರಲ್ಲೋ!”

ಬಸಣ್ಣ ಬಗ್ಗಿದ, ಕಮರುದ್ದೀನನೂ ಟೋಪಿ ಸರಿ ಮಾಡಿಕೊಂಡು ಕೈ ಜೋಡಿಸಿದ. ಗಲ್ಲಾದ ಹಿಂದಿನ ಕುರ್ಚಿಗೆ ಯಾರೋ ಕಂಬಳಿ ಹಾಸಿಬಿಟ್ಟರು. “ಇನ್ನ ಆ ತಿಕ್ಕೋ ಕೆಲಸಾ ಗಿಲಸಾ ಮಾಡಬ್ಯಾಡ್ರಿ, ಇಲ್ಲೇ ಕೂಡ್ರಬೇಕ ನೀವು” ಎಂದು ಬಸಣ್ಣ ಬಹುವಚನ ಹಚ್ಚಿ ಬೇಡಿಕೊಂಡ. ಯಾವ ಪ್ರಶ್ನೆಗೆ ಏನು ಉತ್ತರ ಎಂದು ತಯಾರಾಗಿ ಬಂದವನನ್ನು ಯಾರೂ ಏನೂ ಕೇಳಲೇ ಇಲ್ಲ.

ಕಕ್ಕಾಬಿಕ್ಕಿಯಾಗಿ ಫಕೀರೇಶ ಕತ್ತೆತ್ತಿ ಅಜ್ಜಾರ ಚಿತ್ರ ನೋಡಿದ. ಒಂದೂ ಗೀರಿಲ್ಲದ ಆ ಗಾಜಿನಲ್ಲಿ, ಹಣತೆಯ ಬೆಳಕಿಗೆ, ಎಷ್ಟೋ ವರ್ಷಗಳ ನಂತರ ಅವನಿಗೆ ತನ್ನ ಮುಖ ಕಂಡಿತು. ಹಣೆಯ ಮೇಲೆ ಅಡ್ಡಕ್ಕೆ ಮೂರು ಗೆರೆಗಳಿದ್ದವು, ಒಣಗಿ ಗಟ್ಟಿಯಾದ, ಗುಲಾಬಿ ಬಣ್ಣದ ಮೂರು ಗೆರೆ. ನಮಸ್ಕಾರ ಮಾಡುವಾಗ ಮುಚ್ಚಿದ ಕಣ್ಣಲ್ಲೇ ಬಲಗೈ ತನ್ನ ಪಾಡಿಗೆ ಚಾಚಿ, ತಟ್ಟೆಯ ಜಾಗದಲ್ಲಿದ್ದ ಬಟ್ಟಲಿಗೆ ಮೂರು ಬೆರಳು ಅದ್ದಿ ತಂದಿತ್ತು. ಒರೆಸಿಕೊಳ್ಳಲೆಂದು ಅವನು ಕೈ ಎತ್ತಿದ. ಈರವ್ವ ಗಬಕ್ಕನೆ ಆ ಕೈ ಹಿಡಿದುಕೊಂಡಳು. “ಅಳಸಬ್ಯಾಡ್ರಿ ಅಜ್ಜಾರ, ನಿಮ್ಮ ಕಾಲ ಬೀಳ್ತೇನಿ, ಇನ್ನೊಮ್ಮಿ ಅಳಸಬ್ಯಾಡ್ರಿ.”